ಚಿಲ್ಲರೆಯಲ್ಲಿ ಟಂಕಸಾಲೆಯ ತಪ್ಪು ಗುರುತಿಸುವುದು ಹೇಗೆ

ಜೇಬಿನಲ್ಲಿರುವ ಚಿಲ್ಲರೆಯನ್ನೆಲ್ಲ ಮೇಜಿನ ಮೇಲೆ ಸುರಿದು ಒಂದೊಂದಾಗಿ ತಿರುಗಿಸಿ ನೋಡುತ್ತಾ ಹೋದರೆ ಬಹುಪಾಲು ಮಾಮೂಲಿ ನಾಣ್ಯಗಳೇ ಸಿಗುತ್ತವೆ. ಆದರೆ ಆಗೊಮ್ಮೆ ಈಗೊಮ್ಮೆ ಒಂದರಲ್ಲಿ ಅಕ್ಷರ ಎರಡೆರಡಾಗಿ ಕಾಣುತ್ತದೆ. ಇನ್ನೊಂದರ ಅಂಚಿನಲ್ಲಿ ಯಾರೋ ಕಚ್ಚಿಕೊಂಡು ಹೋದ ಹಾಗೆ ಒಂದು ತುಂಡೇ ಇರುವುದಿಲ್ಲ. ಮತ್ತೊಂದರ ಮುಖದ ಮೇಲೆ ಅಡ್ಡಗೆರೆ. ಆಗ ಏಳುವ ಪ್ರಶ್ನೆ ಒಂದೇ: ಇದು ಟಂಕಸಾಲೆಯಲ್ಲೇ ಆದ ತಪ್ಪಾ, ಇಲ್ಲ ಹೊರಗೆ ಬಂದ ಮೇಲೆ ತಿಂದ ಪೆಟ್ಟಾ?

ಇದಕ್ಕೆ ಉತ್ತರ ಕಂಡುಕೊಳ್ಳಲು ನೂರಾರು ಫೋಟೋ ನೋಡಿ ಬಾಯಿಪಾಠ ಮಾಡಬೇಕಿಲ್ಲ. ನಾಣ್ಯ ಹೇಗೆ ತಯಾರಾಗುತ್ತದೆ ಅನ್ನುವುದು ತಲೆಯಲ್ಲಿದ್ದರೆ ಸಾಕು. ಕಣ್ಣಿಗೆ ಬಿದ್ದ ಗುರುತನ್ನು ತೋರಿಸಿ, ಇದು ಯಾವ ಹಂತದಲ್ಲಿ ಆಗಿರಬಹುದು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಹಂತ ಸಿಕ್ಕಿದರೆ ನಾಣ್ಯವನ್ನು ಪಕ್ಕಕ್ಕಿಡಿ. ಎಷ್ಟು ಯೋಚಿಸಿದರೂ ಯಾವ ಹಂತಕ್ಕೂ ಹೊಂದುತ್ತಿಲ್ಲ ಅಂದರೆ ಅದು ಹೊರಗಿನ ಏಟು, ಎಷ್ಟೇ ವಿಚಿತ್ರವಾಗಿ ಕಂಡರೂ ಸರಿ. ಈ ಒಂದು ಅಭ್ಯಾಸ ಬಂದುಬಿಟ್ಟರೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ.

ಮೊದಲು ನಾಣ್ಯ ಹುಟ್ಟುವ ಬಗೆ

ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಯಂತ್ರ ಕತ್ತರಿಸುತ್ತದೆ. ಆ ಬಿಲ್ಲೆಗಳನ್ನು ಕಾಯಿಸಿ ಮೆತ್ತಗೆ ಮಾಡಿ, ತೊಳೆದು, ಇನ್ನೊಂದು ಯಂತ್ರದಲ್ಲಿ ಉರುಳಿಸಿ ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಬಿಲ್ಲೆ ಎರಡು ಅಚ್ಚುಗಳ ನಡುವೆ ಬಂದು ಕೂರುತ್ತದೆ, ಸುತ್ತಲೂ ಕಾಲರ್ ಅನ್ನುವ ಉಕ್ಕಿನ ಬಳೆ ಇರುತ್ತದೆ, ಭಾರಿ ಒತ್ತಡದಲ್ಲಿ ಒಂದು ಏಟು ಬೀಳುತ್ತದೆ. ಎರಡು ಮುಖಗಳೂ ಅಂಚಿನ ಗೀರುಗಳೂ ಒಂದೇ ಏಟಿಗೆ ಮೂಡಿಬಿಡುತ್ತವೆ.

ಅಚ್ಚು ಅಂದರೆ ಡೈ. ಅದು ರಬ್ಬರ್ ಸ್ಟ್ಯಾಂಪಿನ ಹಾಗೆ ಚಿತ್ರವನ್ನು ಉಲ್ಟಾ ಹೊತ್ತುಕೊಂಡಿರುತ್ತದೆ. ವ್ಯತ್ಯಾಸ ಏನೆಂದರೆ ನಾಣ್ಯದಲ್ಲಿ ಉಬ್ಬಿರಬೇಕಾದ ಅಕ್ಷರ ಅಚ್ಚಿನಲ್ಲಿ ತಗ್ಗಾಗಿರುತ್ತದೆ. ಈ ಅಚ್ಚುಗಳನ್ನು ಹಬ್ ಅನ್ನುವ ಇನ್ನೊಂದು ಉಕ್ಕಿನ ಮಾದರಿಯಿಂದ ಒತ್ತಿ ತಯಾರಿಸುತ್ತಾರೆ. ಹಬ್ಬಿನಿಂದ ಅಚ್ಚು, ಅಚ್ಚಿನಿಂದ ನಾಣ್ಯ. ಇದಿಷ್ಟು ನೆನಪಿರಲಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಹಾಗಾಗಿ ತಪ್ಪುಗಳೂ ಮೂರೇ ಕಡೆಯಿಂದ ಬರುತ್ತವೆ. ಬಿಲ್ಲೆ ಕೆಟ್ಟಿರಬೇಕು, ಅಚ್ಚು ಕೆಟ್ಟಿರಬೇಕು, ಇಲ್ಲವೇ ಏಟು ಬೀಳುವಾಗ ಎಡವಟ್ಟಾಗಿರಬೇಕು.

ಕೈಗೆ ಏನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು, ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುವಂಥದ್ದು. ಗ್ರಾಮಿನ ನೂರನೇ ಒಂದು ಭಾಗದವರೆಗೆ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಒಂದು. ಒಂದು ಅಯಸ್ಕಾಂತ. ಅಳತೆಗೆ ಒಂದು ಕ್ಯಾಲಿಪರ್ ಇದ್ದರೆ ಒಳ್ಳೆಯದು. ಇನ್ನೂ ಹೆಚ್ಚು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್ ಮೊದಲಿಗೆ ಬೇಡವೇ ಬೇಡ. ಅದರಲ್ಲಿ ನೋಡಿದರೆ ಪ್ರತಿ ಗೀರೂ ಕಂದಕದ ಹಾಗೆ ಕಾಣುತ್ತದೆ, ಪ್ರತಿ ನಾಣ್ಯವೂ ವಿಶೇಷ ಅನ್ನಿಸತೊಡಗುತ್ತದೆ. ಲೂಪಿನಲ್ಲಿ ಕಾಣದ ತಪ್ಪಿನ ಬಗ್ಗೆ ಸಂಗ್ರಾಹಕರು ಹೆಚ್ಚು ತಲೆ ಕೆಡಿಸಿಕೊಳ್ಳುವುದೂ ಇಲ್ಲ.

ಬೆಳಕು ಒಂದೇ ಕಡೆಯಿಂದ, ಓರೆಯಾಗಿ ಬೀಳಬೇಕು. ಒಂದೇ ಬಲ್ಬಿನ ಮೇಜಿನ ದೀಪ ಸಾಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ಬೆಳಕು ಜರುಗಿದ ಹಾಗೆ ನೆರಳೂ ಜರುಗುತ್ತದೆ, ಯಾವುದು ಉಬ್ಬು ಯಾವುದು ತಗ್ಗು ಅನ್ನುವುದು ಆಗ ಗೊತ್ತಾಗುತ್ತದೆ. ಫೋಟೋದಲ್ಲಿ ಇದು ಎಷ್ಟೋ ಸಲ ತಿರುಗುಮುರುಗಾಗಿ ಕಾಣುತ್ತದೆ. ಆದ್ದರಿಂದ ನಾಣ್ಯ ಕೈಯಲ್ಲಿದ್ದಾಗಲೇ ತೀರ್ಮಾನಿಸಿ.

ಇನ್ನೊಂದು ಮಾತು, ಈಗಲೇ ಹೇಳಿಬಿಡುತ್ತೇನೆ. ನಾಣ್ಯವನ್ನು ಉಜ್ಜಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಟೂತ್‌ಪೇಸ್ಟ್, ಪಾಲಿಷ್ ಯಾವುದೂ ಬೇಡ. ಉಜ್ಜಿದ ಗುರುತು ಲೂಪಿನಲ್ಲಿ ಸಾಲು ಸಾಲು ಗೆರೆಯಾಗಿ ಕಾಣುತ್ತದೆ, ಮತ್ತೆ ಅದನ್ನು ಸರಿಪಡಿಸಲು ಆಗುವುದಿಲ್ಲ. ತಪ್ಪಿನ ಪುರಾವೆ ಇರುವುದೇ ಆ ಮೇಲ್ಮೈಯಲ್ಲಿ. ಅದನ್ನೇ ಕೆರೆದು ಹಾಕಿದರೆ ಇನ್ನೇನನ್ನು ನೋಡುವುದು?

ಉಬ್ಬೋ ತಗ್ಗೋ

ಯಾವುದೇ ವಿಚಿತ್ರ ಗುರುತು ಕಂಡರೂ ಮೊದಲು ಇದನ್ನು ಕೇಳಿ. ಗೆರೆ ಉಬ್ಬಿದೆಯಾ, ತಗ್ಗಾಗಿದೆಯಾ?

ಕಾರಣ ಸರಳ. ಅಚ್ಚಿನಲ್ಲಿ ಬಿರುಕು ಬಿಟ್ಟಿದ್ದರೆ, ಚಕ್ಕೆ ಎದ್ದಿದ್ದರೆ, ಗೀರು ಬಿದ್ದಿದ್ದರೆ ಏಟಿನ ಹೊತ್ತಿಗೆ ಲೋಹ ಆ ಸಂದಿಯೊಳಗೆ ನುಗ್ಗುತ್ತದೆ. ಅಲ್ಲಿಗೆ ನಾಣ್ಯದ ಮೇಲೆ ಉಬ್ಬು ಗೆರೆ ಬರುತ್ತದೆ. ಹೊರಗೆ ಬಂದ ನಾಣ್ಯಕ್ಕೆ ಮೊಳೆ ತಾಗಿದರೆ, ಕೀಲಿಕೈ ಉಜ್ಜಿದರೆ ತಗ್ಗು ಬೀಳುತ್ತದೆ, ಸರಿದ ಲೋಹ ಗೀರಿನ ಎರಡೂ ದಡದಲ್ಲಿ ಸಣ್ಣ ಏರಿಯಾಗಿ ನಿಲ್ಲುತ್ತದೆ. ಆ ಏರಿ ಕಂಡರೆ ಹೆಚ್ಚು ಯೋಚಿಸಬೇಡಿ, ಅದು ಹೊರಗಿನ ಗೀರು. ಹೊರಗಿನ ಪೆಟ್ಟು ನಾಣ್ಯದಲ್ಲಿ ಇಲ್ಲದ ಲೋಹವನ್ನು ತಂದು ಹಚ್ಚುವುದಿಲ್ಲ, ಇರುವುದನ್ನು ತಳ್ಳುತ್ತದೆ ಅಷ್ಟೆ.

ತಗ್ಗಿದ್ದ ಮಾತ್ರಕ್ಕೆ ಕೈಬಿಡುವಂತೆಯೂ ಇಲ್ಲ. ಅಚ್ಚಿಗೂ ಬಿಲ್ಲೆಗೂ ನಡುವೆ ದಾರದ ಎಳೆ, ಬಟ್ಟೆ ತುಂಡು, ಗ್ರೀಸ್ ಸಿಕ್ಕಿಕೊಂಡರೆ ಆ ಜಾಗದಲ್ಲೂ ತಗ್ಗು ಬೀಳುತ್ತದೆ. ಇದಕ್ಕೆ ಸ್ಟ್ರಕ್ ಥ್ರೂ ಅನ್ನುತ್ತಾರೆ. ಇಲ್ಲಿ ದಡದಲ್ಲಿ ಏರಿ ಇರುವುದಿಲ್ಲ, ತಗ್ಗಿನ ತಳ ನುಣುಪಾಗಿರುತ್ತದೆ ಇಲ್ಲವೇ ಬಟ್ಟೆಯ ನೇಯ್ಗೆಯ ಗುರುತು ಹಾಗೇ ಮೂಡಿರುತ್ತದೆ.

ಸರಿಯಾದ ನಾಣ್ಯ ಹೇಗಿರುತ್ತದೆ ಅಂತ ಗೊತ್ತಿರಬೇಕು

ಜನ ಎಡವುವುದು ಜಾಸ್ತಿ ಇಲ್ಲೇ. ತಪ್ಪಲ್ಲದ್ದನ್ನು ತಪ್ಪು ಅಂದುಕೊಳ್ಳುತ್ತಾರೆ. ಉದಾಹರಣೆಗೆ ಟಂಕಸಾಲೆಯ ಗುರುತು. ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ. ಕೋಲ್ಕತ್ತಾ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಅಮೆರಿಕದ ಸೆಂಟ್ ನಾಣ್ಯಗಳಲ್ಲೂ ಡೆನ್ವರಿನದಕ್ಕೆ ಡಿ ಅಕ್ಷರ ಇರುತ್ತದೆ, ಫಿಲಡೆಲ್ಫಿಯಾದ್ದಕ್ಕೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಗುರುತಿಲ್ಲ ಅಂದ ತಕ್ಷಣ ಅಪರೂಪದ ನಾಣ್ಯ ಅಂತ ಹೇಳುವ ವಿಡಿಯೋಗಳನ್ನು ನಂಬಬೇಡಿ.

ಹಿಂಬದಿ ತಲೆಕೆಳಗಾಗಿದೆ ಅನ್ನುವುದೂ ಹೀಗೇ. ನಾಣ್ಯವನ್ನು ಮೇಲೊಂದು ಕೆಳಗೊಂದು ಬೆರಳಿಟ್ಟು ನೆಟ್ಟಗೆ ಹಿಡಿದು, ಬುಗುರಿಯ ಹಾಗೆ ಅಡ್ಡಕ್ಕೆ ತಿರುಗಿಸಿ. ಭಾರತ, ಬ್ರಿಟನ್, ಯೂರೋ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಬರುತ್ತದೆ. ಅಮೆರಿಕದ ನಾಣ್ಯದಲ್ಲಿ ಮಾತ್ರ ತಲೆಕೆಳಗಾಗಿ ಬರುತ್ತದೆ, ಅಲ್ಲಿ ಅದೇ ಸರಿ. ನಿಮ್ಮ ಕೈಯಲ್ಲಿರುವ ನಾಣ್ಯದ ರೂಢಿ ಯಾವುದು ಅಂತ ಅದೇ ಬಗೆಯ ನಾಲ್ಕೈದು ನಾಣ್ಯ ನೋಡಿ ತಿಳಿದುಕೊಳ್ಳಿ. ಆಮೇಲೆ ಒಂದು ಮಾತ್ರ ಬೇರೆ ಕೋನದಲ್ಲಿ ನಿಂತಿದ್ದರೆ ಅದು ತಿರುಗಿದ ಅಚ್ಚಿನ ನಾಣ್ಯ, ರೊಟೇಟೆಡ್ ಡೈ. ಅಚ್ಚು ತನ್ನ ಜಾಗದಲ್ಲಿ ಸಡಿಲವಾಗಿ ತಿರುಗಿಕೊಂಡರೆ ಹೀಗಾಗುತ್ತದೆ. ಸ್ವಲ್ಪ ವಾಲಿದ್ದರೆ ಅದು ಎಲ್ಲೆಡೆ ಇರುವಂಥದ್ದೇ. ಕಾಲು ಸುತ್ತು, ಅರ್ಧ ಸುತ್ತು ತಿರುಗಿದ್ದರೆ ಎತ್ತಿಡಿ. ಇದಕ್ಕೆ ಲೂಪೂ ಬೇಡ, ತಕ್ಕಡಿಯೂ ಬೇಡ. ಹೊಸಬರು ಇದರಿಂದಲೇ ಶುರು ಮಾಡಿದರೆ ಒಳ್ಳೆಯದು, ಯಾಕೆಂದರೆ ಒಂದೇ ತುಂಡಿನ ಮಾಮೂಲಿ ನಾಣ್ಯದಲ್ಲಿ ಈ ತಪ್ಪನ್ನು ಹೊರಗಿನ ಪೆಟ್ಟಿನಿಂದ ತರಲು ಬರುವುದಿಲ್ಲ.

ಅಂಚಿನ ಬರಹದಲ್ಲೂ ಒಂದು ಸೂಕ್ಷ್ಮ ಇದೆ. 2007ರಲ್ಲಿ ಅಮೆರಿಕ ಅಧ್ಯಕ್ಷರ ಚಿತ್ರವಿರುವ ಒಂದು ಡಾಲರ್ ನಾಣ್ಯಗಳನ್ನು ಹೊರತಂದಾಗ ಅಂಚಿನ ಅಕ್ಷರಗಳನ್ನು ಬೇರೆ ಯಂತ್ರದಲ್ಲಿ, ಮುಖಗಳು ಮೂಡಿದ ಮೇಲೆ ಒತ್ತುತ್ತಿದ್ದರು. ಕೆಲವು ನಾಣ್ಯಗಳು ಆ ಯಂತ್ರಕ್ಕೆ ಹೋಗದೆಯೇ ಹೊರಬಂದವು, ಅಂಚು ಬೋಳಾಗಿತ್ತು. ಜಾರ್ಜ್ ವಾಷಿಂಗ್ಟನ್ ನಾಣ್ಯದಲ್ಲಿ ಇಂಥವು ಬಹಳ ಸಿಕ್ಕವು. ಅದು ನಿಜವಾದ ತಪ್ಪು. ಆದರೆ ಅದೇ ನಾಣ್ಯಗಳಲ್ಲಿ ಅಂಚಿನ ಅಕ್ಷರ ತಲೆಕೆಳಗಿದ್ದರೆ ಅದು ತಪ್ಪಲ್ಲ. ಯಂತ್ರಕ್ಕೆ ನಾಣ್ಯ ಯಾವ ಮುಖ ಮೇಲಾಗಿ ಬೀಳುತ್ತದೆ ಅನ್ನುವುದಕ್ಕೆ ನಿಯಮವೇ ಇರಲಿಲ್ಲ, ಹೀಗೂ ಬರುತ್ತಿತ್ತು ಹಾಗೂ ಬರುತ್ತಿತ್ತು. ಹಂತ ಗೊತ್ತಿದ್ದರೆ ಇಂಥ ಗೊಂದಲವೇ ಆಗುವುದಿಲ್ಲ ನೋಡಿ.

ಬಿಲ್ಲೆಯ ತಪ್ಪುಗಳು

ಇವುಗಳಲ್ಲಿ ಕಣ್ಣಿಗೆ ಬೇಗ ಬೀಳುವುದು ಕ್ಲಿಪ್. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಆಗಲೇ ತೂತಾದ ಜಾಗದ ಮೇಲೇ ಯಂತ್ರ ಮತ್ತೆ ಬೀಳುತ್ತದೆ. ಆಗ ಬಿಲ್ಲೆಯ ಒಂದು ಕಡೆ ಬಾಗಿದ ತುಂಡು ಕಡಿಮೆಯಾಗುತ್ತದೆ. ಪಟ್ಟಿಯ ಕೊನೆಯಲ್ಲಿ ಕತ್ತರಿಸಿದರೆ ನೇರವಾಗಿ ತುಂಡಾಗಿರುತ್ತದೆ.

ಈಗ ಒಂದು ಕ್ಲಿಪ್ ನಾಣ್ಯವನ್ನು ಹತ್ತಿರದಿಂದ ನೋಡೋಣ. ಯಾರು ಬೇಕಾದರೂ ಅರ ಹಿಡಿದು ನಾಣ್ಯದ ಅಂಚನ್ನು ಹೀಗೆ ಉಜ್ಜಬಹುದು, ಅಲ್ವಾ? ಹಾಗಾದರೆ ಅಸಲಿ ಯಾವುದು? ಮೊದಲು ಕಟ್ಟಾದ ಜಾಗಕ್ಕೆ ಸರಿಯಾಗಿ ಎದುರಿನ ಅಂಚನ್ನು ನೋಡಿ. ಅಸಲಿ ಕ್ಲಿಪ್ಪಿನಲ್ಲಿ ಎದುರಿನ ಅಂಚು ಹೆಚ್ಚಾಗಿ ಮಂಕಾಗಿರುತ್ತದೆ, ಕೆಲವೊಮ್ಮೆ ಪೂರ್ತಿ ಚಪ್ಪಟೆ. ಅಂಚು ಎತ್ತರಿಸುವ ಯಂತ್ರದಲ್ಲಿ ಬಿಲ್ಲೆ ಎರಡು ಕಡೆಯಿಂದ ಒತ್ತಿಸಿಕೊಂಡು ಉರುಳುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದಾಗ ಅದರ ಎದುರಿಗೂ ಒತ್ತಡ ಬೀಳುವುದಿಲ್ಲ. ಇದನ್ನು ಬ್ಲೇಕ್ಸ್‌ಲಿ ಎಫೆಕ್ಟ್ ಅನ್ನುತ್ತಾರೆ. ಆಮೇಲೆ ಕಟ್ಟಾದ ಜಾಗದ ಪಕ್ಕದ ಅಕ್ಷರಗಳನ್ನು ನೋಡಿ. ಏಟು ಬಿದ್ದಾಗ ಲೋಹ ಆ ಖಾಲಿ ಜಾಗದ ಕಡೆ ಹರಿದಿರುತ್ತದೆ, ಹಾಗಾಗಿ ಅಕ್ಷರ ಅತ್ತ ಎಳೆದ ಹಾಗೆ, ತುದಿಯಲ್ಲಿ ಸಣ್ಣಗಾದ ಹಾಗೆ ಇರುತ್ತದೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಎದುರಿನ ಅಂಚು ಗಟ್ಟಿಮುಟ್ಟಾಗಿಯೇ ಇರುತ್ತದೆ, ಅಕ್ಷರ ಚಾಕುವಿನಲ್ಲಿ ಕೊಯ್ದ ಹಾಗೆ ಥಟ್ಟನೆ ನಿಂತಿರುತ್ತದೆ, ಕಟ್ಟಾದ ಮೈಮೇಲೆ ಅರದ ಗೆರೆಗಳು ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ನನ್ನ ಪ್ರಕಾರ ಎರರ್ ನಾಣ್ಯ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ತಪ್ಪು ಒಂದು ಕಡೆ, ಅದರ ಪುರಾವೆ ಇನ್ನೊಂದು ಕಡೆ.

ಲ್ಯಾಮಿನೇಷನ್ ಅನ್ನುವುದು ಲೋಹದ ಪದರ ಸುಲಿದು ಬರುವುದು. ಲೋಹದಲ್ಲಿ ಕಸರು ಸೇರಿದ್ದರೆ ಮೇಲಿನ ಹಾಳೆ ಏಳುತ್ತದೆ, ಕೆಲವೊಮ್ಮೆ ಉದುರಿ ಹೋಗಿರುತ್ತದೆ, ಕೆಲವೊಮ್ಮೆ ಅಲ್ಲೇ ಅಂಟಿಕೊಂಡಿರುತ್ತದೆ. ಅಂಟಿಕೊಂಡಿದ್ದರೆ ಉಗುರು ಹಾಕಿ ಕೀಳಬೇಡಿ.

ಮೇಲೊಂದು ಲೋಹ, ಒಳಗೊಂದು ಲೋಹ ಇರುವ ನಾಣ್ಯಗಳಲ್ಲಿ ಒಂದು ಬದಿಯ ಹೊದಿಕೆ ಇಲ್ಲದೇ ಬರುವುದುಂಟು. ಆಗ ಒಂದು ಮುಖ ಬೆಳ್ಳಗೆ, ಇನ್ನೊಂದು ತಾಮ್ರದ ಬಣ್ಣ. ಆದರೆ ಮಣ್ಣಿನಲ್ಲಿ ಹೂತಿದ್ದ ನಾಣ್ಯ, ರಾಸಾಯನಿಕ ತಾಗಿದ ನಾಣ್ಯ ಕೂಡ ಹೀಗೇ ಬಣ್ಣ ತಿರುಗಿರುತ್ತದೆ. ತಕ್ಕಡಿಗೆ ಹಾಕಿ. ಹೊದಿಕೆಯೇ ಇಲ್ಲದಿದ್ದರೆ ತೂಕ ಕಡಿಮೆ ಬರಲೇಬೇಕು. ತೂಕ ಸರಿಯಾಗಿದ್ದರೆ ಅದು ಬರೀ ಕಲೆ.

ಎರಡು ಲೋಹದ ನಾಣ್ಯಗಳಲ್ಲಿ, ಅಂದರೆ ಹೊರಗೊಂದು ಉಂಗುರ ಒಳಗೊಂದು ತಿರುಳು ಇರುವವುಗಳಲ್ಲಿ, ತಿರುಳು ಪಕ್ಕಕ್ಕೆ ಜರುಗಿರಬಹುದು ಅಥವಾ ಇಲ್ಲದೇ ಇರಬಹುದು. ಜರುಗಿದ್ದರೆ ಒಂದು ಕಡೆ ತಿರುಳು ಉಂಗುರದ ಮೇಲೆ ಹತ್ತಿ ಕೂತು, ಇನ್ನೊಂದು ಕಡೆ ಸಂದಿ ಬಿಟ್ಟಿರುತ್ತದೆ. ತಿರುಳಿಲ್ಲದ ಬರೀ ಉಂಗುರ ಸಿಕ್ಕರೆ ಒಳ ಅಂಚನ್ನು ಗಮನಿಸಿ. ತಿರುಳಿಲ್ಲದೆಯೇ ಏಟು ಬಿದ್ದಿದ್ದರೆ ಲೋಹ ಒಳಕ್ಕೆ ಹರಿದು ಆ ಅಂಚು ಸೊಟ್ಟಗಾಗಿರುತ್ತದೆ. ಒಳ ಅಂಚು ಚೊಕ್ಕವಾಗಿದ್ದರೆ ಯಾರೋ ತಿರುಳನ್ನು ಬಡಿದು ತೆಗೆದಿದ್ದಾರೆ ಅಂತಲೇ ಅರ್ಥ.

ಬೇರೆ ನಾಣ್ಯದ ಬಿಲ್ಲೆ ಬಂದು ಸೇರಿಕೊಳ್ಳುವುದು ಎಲ್ಲಕ್ಕಿಂತ ರೋಚಕ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ತಾಮ್ರ ಯುದ್ಧಕ್ಕೆ ಬೇಕಾಗಿದ್ದರಿಂದ ಅಮೆರಿಕ 1943ರ ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿತು. ಹಿಂದಿನ ಕಂಚಿನ ಬಿಲ್ಲೆಗಳು ಕೆಲವು ಯಂತ್ರದಲ್ಲಿ ಉಳಿದುಕೊಂಡಿದ್ದವು, ಅವಕ್ಕೂ 1943ರ ಅಚ್ಚು ಬಿತ್ತು. ಬೆರಳೆಣಿಕೆಯಷ್ಟು ಮಾತ್ರ. ಅಂದಿನಿಂದ ಇಂದಿನವರೆಗೂ ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿ ಮೋಸ ಮಾಡುವವರಿದ್ದಾರೆ. ಅಯಸ್ಕಾಂತ ಹತ್ತಿರ ತಂದರೆ ಅದು ಟಪ್ಪನೆ ಅಂಟಿಕೊಳ್ಳುತ್ತದೆ, ಕಂಚು ಅಂಟುವುದಿಲ್ಲ. ತೂಕವೂ ಹೇಳುತ್ತದೆ: ಕಂಚಿನದು 3.11 ಗ್ರಾಂ, ಉಕ್ಕಿನದು 2.7 ಗ್ರಾಂ ಆಸುಪಾಸು. ಇನ್ನು ಕೆಲವರು 1948ರ ಎಂಟನ್ನು ಕೆರೆದು ಮೂರು ಮಾಡುತ್ತಾರೆ. ಅದು ನಿಜಕ್ಕೂ ಕಂಚೇ, ಅಯಸ್ಕಾಂತವೂ ತಕ್ಕಡಿಯೂ ಪಾಸ್ ಮಾಡಿಬಿಡುತ್ತವೆ. ಅಲ್ಲಿ ಲೂಪ್ ಬೇಕು.

ಅಚ್ಚಿನ ತಪ್ಪುಗಳು

ಅಚ್ಚು ಲಕ್ಷಾಂತರ ಏಟು ಕೊಟ್ಟು ಕೊಟ್ಟು ಸುಸ್ತಾಗುತ್ತದೆ. ಬಿರುಕು ಬಿಟ್ಟರೆ ನಾಣ್ಯದ ಮೇಲೆ ಸಣ್ಣ ಉಬ್ಬುಗೆರೆ, ಹೊಳೆಯ ಹಾಗೆ ಅಂಕುಡೊಂಕಾಗಿ ಅಕ್ಷರದಿಂದ ಅಕ್ಷರಕ್ಕೆ ಹರಿದಿರುತ್ತದೆ. ಇದು ಸಾಮಾನ್ಯ, ಹುಡುಕಿದರೆ ಸಿಗುತ್ತದೆ. ಬಿರುಕು ಬೆಳೆದು ಅಂಚಿನ ಬಳಿ ಅಚ್ಚಿನ ತುಂಡೇ ಕಳಚಿದರೆ ಆ ಜಾಗದಲ್ಲಿ ಚಿತ್ರವಿಲ್ಲದ ಬೋಳು ಗುಬುಟು ಬರುತ್ತದೆ. ಇದಕ್ಕೆ ಕಡ್ ಅನ್ನುತ್ತಾರೆ, ಇದಕ್ಕೆ ಬೇಡಿಕೆ ಜಾಸ್ತಿ. ಗುಬುಟಿನ ಹಿಂದೆ, ಅಂದರೆ ಇನ್ನೊಂದು ಮುಖದ ಅದೇ ಜಾಗದಲ್ಲಿ ಚಿತ್ರ ಮಂಕಾಗಿದೆಯಾ ನೋಡಿ. ಲೋಹವೆಲ್ಲ ಈ ಕಡೆ ನುಗ್ಗಿದ್ದರಿಂದ ಆ ಕಡೆ ಕೊರತೆಯಾಗಿರಬೇಕು. ಬೆಸುಗೆಯ ಹನಿಯೋ ಅಂಟೋ ಮೆತ್ತಿಕೊಂಡಿದ್ದರೆ ಹಿಂದೆ ಏನೂ ಆಗಿರುವುದಿಲ್ಲ.

ಅಚ್ಚಿನ ತಗ್ಗಿನಲ್ಲಿ ಗ್ರೀಸು, ಕೊಳೆ ಕೂತರೆ ಲೋಹ ಅಲ್ಲಿಗೆ ಹೋಗುವುದಿಲ್ಲ, ಅಕ್ಷರ ಮೂಡುವುದಿಲ್ಲ. 2005ರ ಕ್ಯಾನ್ಸಸ್ ಕಾಲು ಡಾಲರ್ ನಾಣ್ಯದಲ್ಲಿ ಹೀಗೇ ಆಗಿ 'ಇನ್ ಗಾಡ್ ವಿ ಟ್ರಸ್ಟ್' ಎಂಬ ಸಾಲಿನ ಮೊದಲ ಟಿ ಮಾಯವಾಗಿ 'ರಸ್ಟ್' ಅಂತಾಯಿತು. ಇದನ್ನು ಕೆರೆದು ಮಾಡಿದ ಮೋಸದಿಂದ ಬೇರೆ ಮಾಡುವುದು ಕಷ್ಟವಲ್ಲ. ಕೆರೆದ ಜಾಗದಲ್ಲಿ ಗೀರುಗಳಿರುತ್ತವೆ, ಹೊಳಪು ಬೇರೆ ಇರುತ್ತದೆ. ಗ್ರೀಸಿನದಾದರೆ ಸುತ್ತಲಿನ ಮೈಯೂ ಆ ಜಾಗವೂ ಒಂದೇ ಥರ ಇರುತ್ತದೆ, ಅಕ್ಷರದ ಮಸುಕಾದ ನೆರಳು ಕೆಲವೊಮ್ಮೆ ಉಳಿದಿರುತ್ತದೆ.

ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಒಂದಕ್ಕೊಂದು ಬಡಿದುಕೊಂಡರೆ ಒಂದರ ಗುರುತು ಇನ್ನೊಂದಕ್ಕೆ ಹತ್ತುತ್ತದೆ. ಆಮೇಲೆ ಬರುವ ನಾಣ್ಯಗಳ ಖಾಲಿ ಜಾಗದಲ್ಲಿ ಎದುರು ಮುಖದ ಚಿತ್ರದ ರೇಖೆಗಳು ಕನ್ನಡಿಯಲ್ಲಿ ಕಂಡ ಹಾಗೆ ಮಬ್ಬಾಗಿ ಕಾಣುತ್ತವೆ. ಇದು ಡೈ ಕ್ಲಾಶ್. ಆ ಗುರುತು ಅಳಿಸಲು ಅಚ್ಚನ್ನು ತಿಕ್ಕಿ ಪಾಲಿಷ್ ಮಾಡುತ್ತಾರೆ, ಹಾಗೆ ಮಾಡುವಾಗ ಚಿತ್ರದ ಭಾಗವೇ ಅಳಿದು ಹೋಗುವುದೂ ಉಂಟು. 1937ರ ಡೆನ್ವರ್ ಟಂಕಸಾಲೆಯ ನಿಕಲ್, ಅಂದರೆ ಐದು ಸೆಂಟಿನ ನಾಣ್ಯದಲ್ಲಿ ಕಾಡೆಮ್ಮೆಯ ಮುಂಗಾಲೊಂದು ಹೀಗೇ ಅಳಿಸಿಹೋಗಿ ಮೂರೇ ಕಾಲು ಉಳಿಯಿತು. ಆ ನಾಣ್ಯ ಇಂದಿಗೂ ಹೆಸರುವಾಸಿ.

ಎರಡೆರಡು ಅಕ್ಷರ: ಇಲ್ಲಿ ಸಾವಧಾನ ಬೇಕು

ಎಲ್ಲರೂ ಹುಡುಕುವುದು ಡಬಲ್ಡ್ ಡೈ, ಹೆಚ್ಚಿನವರಿಗೆ ಸಿಗುವುದು ಬೇರೆ ಏನೋ.

ಹಬ್ಬಿನಿಂದ ಅಚ್ಚು ಮಾಡುವಾಗ ಹಿಂದೆಲ್ಲ ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಾಗಿತ್ತು. ಎರಡನೇ ಸಲ ಒತ್ತುವಾಗ ಒಂಚೂರು ತಿರುಗಿದ್ದರೆ ಅಚ್ಚಿನಲ್ಲೇ ಎರಡು ಚಿತ್ರ ಕೂರುತ್ತದೆ. ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಜೋಡಿ, ಅದೇ ಜಾಗದಲ್ಲಿ, ಅಷ್ಟೇ ಅಂತರದಲ್ಲಿ ಇರುತ್ತದೆ. 1955ರಲ್ಲಿ ಫಿಲಡೆಲ್ಫಿಯಾದಲ್ಲಿ ಹೀಗಾಯಿತು. ಸೆಂಟ್ ನಾಣ್ಯದ ಇಸವಿ ಮತ್ತು ಅಕ್ಷರಗಳು ಬರಿಗಣ್ಣಿಗೇ ಎರಡಾಗಿ ಕಾಣುವಷ್ಟು ದೂರ ದೂರ ಮೂಡಿದ್ದವು. ತಪ್ಪು ಗೊತ್ತಾಗುವ ಹೊತ್ತಿಗೆ ಅವು ಉಳಿದ ನಾಣ್ಯಗಳ ಜೊತೆ ಬೆರೆತುಹೋಗಿದ್ದವು. ಸುಮಾರು 20,000ದಿಂದ 24,000 ನಾಣ್ಯಗಳು ಜನರ ಕೈಗೆ ಹೋದವು ಅನ್ನುವುದು ಚಾಲ್ತಿಯಲ್ಲಿರುವ ಅಂದಾಜು. ಈಗ ಅಚ್ಚನ್ನು ಒಂದೇ ಸಲಕ್ಕೆ ಒತ್ತುವ ವಿಧಾನ ಬಂದಿರುವುದರಿಂದ ಅಷ್ಟು ದೊಡ್ಡ ಜೋಡಿ ಅಕ್ಷರಗಳು ಅಪರೂಪ.

ಇದಕ್ಕೆ ಹೋಲುವ ಇನ್ನೊಂದು ಇದೆ, ಮಷೀನ್ ಡಬಲಿಂಗ್. ಏಟು ಬಿದ್ದ ಕ್ಷಣದಲ್ಲಿ ಅಚ್ಚು ಸಡಿಲವಾಗಿದ್ದು ಒಂಚೂರು ಜಾರಿದರೆ, ಆಗಷ್ಟೇ ಮೂಡಿದ ಅಕ್ಷರವನ್ನು ಅದೇ ಅಚ್ಚು ಪಕ್ಕಕ್ಕೆ ಒರೆಸಿಬಿಡುತ್ತದೆ. ಇದೂ ಟಂಕಸಾಲೆಯೊಳಗೇ ಆಗುವಂಥದ್ದು, ಆದರೆ ಎಲ್ಲ ಕಡೆ ಸಿಗುತ್ತದೆ, ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ.

ಎರಡನ್ನೂ ಬೇರೆ ಮಾಡುವುದು ಹೀಗೆ. ಲೂಪಿನಲ್ಲಿ ಒಂದೇ ಅಕ್ಷರವನ್ನು ಹಿಡಿಯಿರಿ, ಕಾಲುಗಳಿರುವ ಅಕ್ಷರವಾದರೆ ಒಳ್ಳೆಯದು. ಅದರ ಮೂಲೆಗೆ ಬನ್ನಿ. ನಿಜವಾದ ಡಬಲ್ಡ್ ಡೈನಲ್ಲಿ ಮೂಲೆಯಲ್ಲಿ ಒಂದು ಪುಟ್ಟ ಸೀಳು ಕಾಣುತ್ತದೆ, ಎರಡು ಅಕ್ಷರಗಳ ತುದಿ ಬೇರೆ ಬೇರೆಯಾಗಿ ಎದ್ದು ನಿಂತಿರುತ್ತದೆ, ಎರಡೂ ದುಂಡಗೆ ಉಬ್ಬಿರುತ್ತವೆ. ಅಕ್ಷರ ಮಾಮೂಲಿಗಿಂತ ದಪ್ಪಗಾಗಿರುತ್ತದೆ. ಮಷೀನ್ ಡಬಲಿಂಗ್‌ನಲ್ಲಿ ಪಕ್ಕದ ಭಾಗ ಚಪ್ಪಟೆ, ಮೆಟ್ಟಿಲಿನ ಹಾಗೆ ತಗ್ಗಿನಲ್ಲಿ, ಥಳಥಳ ಹೊಳೆಯುತ್ತಾ ಇರುತ್ತದೆ. ಮೂಲ ಅಕ್ಷರ ಸಣ್ಣಗಾಗಿರುತ್ತದೆ, ಯಾಕೆಂದರೆ ಅದರದೇ ಲೋಹವನ್ನು ಕೊರೆದು ಆ ಮೆಟ್ಟಿಲು ಆಗಿದೆ. ಅಕ್ಷರ ದಪ್ಪಗಾಗಿದೆಯೋ ಸಣ್ಣಗಾಗಿದೆಯೋ ಅನ್ನುವುದಕ್ಕೆ ಪಕ್ಕದಲ್ಲಿ ಅದೇ ಇಸವಿಯ ಮಾಮೂಲಿ ನಾಣ್ಯ ಇಟ್ಟುಕೊಂಡು ನೋಡಿ.

ಮೂರನೆಯದು ಸವೆದ ಅಚ್ಚು. ಅಚ್ಚು ಹಳೆಯದಾದಾಗ ಅಕ್ಷರದ ಅಂಚು ಹರಡಿಕೊಂಡು ಮಸಕು ನೆರಳಿನ ಹಾಗೆ ಕಾಣುತ್ತದೆ. ಸೀಳೂ ಇಲ್ಲ, ಚೂಪಾದ ಮೆಟ್ಟಿಲೂ ಇಲ್ಲ. 1955ರ ಸೆಂಟಿನಲ್ಲೇ ಕೊನೆಯ ಐದು ಹೀಗೆ ಜೋಡಿಯಾಗಿ ಕಾಣುವ ನಾಣ್ಯಗಳು ಬಹಳಷ್ಟಿವೆ, ಅದನ್ನೇ ಅಸಲಿ ಅಂತ ಮಾರಲು ನೋಡುವವರೂ ಇದ್ದಾರೆ. ಸತುವಿಗೆ ತಾಮ್ರ ಲೇಪಿಸಿದ ನಾಣ್ಯಗಳಲ್ಲಿ ನಾಲ್ಕನೆಯದೂ ಒಂದಿದೆ. ಏಟಿಗೆ ಅಕ್ಷರದ ಪಕ್ಕದಲ್ಲಿ ಲೇಪ ಹರಿದು ಒಳಗಿನ ಸತು ಕಪ್ಪು ಅಥವಾ ಬೂದು ಗೆರೆಯಾಗಿ ಕಾಣುತ್ತದೆ. ಬಣ್ಣ ನೋಡಿಯೇ ಅದನ್ನು ಬಿಟ್ಟುಬಿಡಬಹುದು.

ಮ್ಯೂಲ್ ಅನ್ನುವ ಅಪರೂಪ

ಒಂದಕ್ಕೊಂದು ಜೊತೆಯಾಗಬಾರದ ಎರಡು ಅಚ್ಚು ಜೊತೆಯಾದರೆ ಅದು ಮ್ಯೂಲ್. 2000ದಲ್ಲಿ ಅಮೆರಿಕದಲ್ಲಿ ಕಾಲು ಡಾಲರ್‌ನ ವಾಷಿಂಗ್ಟನ್ ಮುಖಕ್ಕೆ ಒಂದು ಡಾಲರ್‌ನ ಹದ್ದಿನ ಹಿಂಬದಿ ಸೇರಿ ಕೆಲವೇ ನಾಣ್ಯಗಳು ಬಂದವು. ಬ್ರಿಟನ್ನಿನ 20 ಪೆನ್ಸ್ ನಾಣ್ಯದ ಕಥೆ ಇನ್ನೂ ಚೆನ್ನಾಗಿದೆ, ಯಾಕೆಂದರೆ ಅದು ನಿಜಕ್ಕೂ ಜನರ ಚಿಲ್ಲರೆಯಲ್ಲಿ ಓಡಾಡಿತು. 2008ರಲ್ಲಿ ಅಲ್ಲಿ ವಿನ್ಯಾಸ ಬದಲಾಯಿತು. ಹಿಂಬದಿಯಲ್ಲಿದ್ದ ಇಸವಿಯನ್ನು ಮುಂಬದಿಗೆ ತಂದರು. ಆದರೆ ಒಂದು ಹಂತದಲ್ಲಿ ಹೊಸ ಹಿಂಬದಿಯ ಜೊತೆ ಹಳೆಯ ಮುಂಬದಿಯ ಅಚ್ಚನ್ನೇ ಹಾಕಿಬಿಟ್ಟರು. ಎರಡರಲ್ಲೂ ಇಸವಿ ಇಲ್ಲ. ಇಸವಿಯೇ ಇಲ್ಲದ ನಾಣ್ಯ ಹೊರಬಂತು.

ಇದರಿಂದ ಹುಡುಕುವವರಿಗೆ ಒಂದು ಉಪಾಯ ಸಿಗುತ್ತದೆ. ವಿನ್ಯಾಸ, ಲೋಹ ಅಥವಾ ಬರಹ ಬದಲಾದ ವರ್ಷದ ನಾಣ್ಯಗಳನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿ. ಹಳೆಯದು ಹೊಸದು ಎರಡೂ ಒಂದೇ ಜಾಗದಲ್ಲಿ ಇರುವಾಗಲೇ ಇಂಥ ಅದಲು ಬದಲು ಆಗುವುದು. ಅಮೆರಿಕದ 1982ರ ಸೆಂಟ್ ಕಂಚಿನಲ್ಲೂ ಬಂತು, ಸತುವಿನಲ್ಲೂ ಬಂತು, ಒಂದು 3.11 ಗ್ರಾಂ ಇನ್ನೊಂದು 2.5 ಗ್ರಾಂ. ಅವೆರಡೂ ಮಾಮೂಲಿ ನಾಣ್ಯಗಳೇ. ಆದರೆ 1983ರ ಇಸವಿಯದು 3.11 ತೂಗಿದರೆ ಕಥೆಯೇ ಬೇರೆ.

ಎರಡೂ ಕಡೆ ತಲೆ ಇರುವ ನಾಣ್ಯ ಸಿಕ್ಕಿತು ಅಂದರೆ ಬಹುತೇಕ ಅದು ಜಾದೂಗಾರರ ನಾಣ್ಯ. ಒಂದು ನಾಣ್ಯವನ್ನು ಒಳಗಿಂದ ತೋಡಿ ಇನ್ನೊಂದನ್ನು ತೆಳ್ಳಗೆ ಮಾಡಿ ಒಳಗೆ ಕೂರಿಸಿರುತ್ತಾರೆ. ಎತ್ತರಿಸಿದ ಅಂಚಿನ ಒಳಭಾಗದಲ್ಲಿ ಸುತ್ತಲೂ ಲೂಪ್ ಓಡಿಸಿ, ಕೂದಲೆಳೆಯಂಥ ಬೆಸುಗೆ ಗೆರೆ ಕಾಣುತ್ತದೆ.

ಏಟು ತಪ್ಪಿದಾಗ

ಬಿಲ್ಲೆ ಸರಿಯಾಗಿ ಕೂರುವ ಮೊದಲೇ ಏಟು ಬಿದ್ದರೆ ಚಿತ್ರ ಪಕ್ಕಕ್ಕೆ ಸರಿದು ಒಂದು ಕಡೆ ಬೋಳು ಲೋಹ ಉಳಿಯುತ್ತದೆ. ಇದು ಆಫ್ ಸೆಂಟರ್. ಇಸವಿ ಕಾಣುವ ಹಾಗೆ ಸರಿದಿದ್ದರೆ ಸಂಗ್ರಾಹಕರಿಗೆ ಹೆಚ್ಚು ಇಷ್ಟ. ಒಂದು ಕಡೆ ಅಂಚು ದಪ್ಪ ಇನ್ನೊಂದು ಕಡೆ ತೆಳು ಅನ್ನುವಷ್ಟೇ ಇದ್ದರೆ ತಿರುಗಿಸಿ ಹಿಂಬದಿ ನೋಡಿ. ಹಿಂಬದಿಯ ಚಿತ್ರ ಸರಿಯಾಗಿ ಮಧ್ಯದಲ್ಲಿದ್ದರೆ ಅದು ಆಫ್ ಸೆಂಟರ್ ಅಲ್ಲ, ಒಂದು ಅಚ್ಚು ಮಾತ್ರ ಜರುಗಿದೆ ಅಂತ. ಬಿಲ್ಲೆಯೇ ಜರುಗಿದ್ದರೆ ಎರಡೂ ಮುಖ ಕೆಡಬೇಕು.

ಕಾಲರ್ ಇಲ್ಲದೆ ಏಟು ಬಿದ್ದರೆ ಲೋಹ ಸುತ್ತಲೂ ಹರಡಿ ನಾಣ್ಯ ಅಗಲವಾಗುತ್ತದೆ, ಅಂಚು ಗೀರಿಲ್ಲದೆ ನುಣುಪಾಗಿರುತ್ತದೆ, ತೂಕ ಮಾತ್ರ ಸರಿಯಾಗಿಯೇ ಇರುತ್ತದೆ. ಇದು ಬ್ರಾಡ್‌ಸ್ಟ್ರೈಕ್. ಸುತ್ತಿಗೆಯಿಂದ ಬಡಿದ ನಾಣ್ಯವೂ ಅಗಲವಾಗುತ್ತದೆ, ಆದರೆ ಅದರ ಅಕ್ಷರಗಳು ಜಜ್ಜಿಹೋಗಿರುತ್ತವೆ.

ಮೂಡಿದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಂಡು, ಕೆಳಗೆ ಬಂದ ಹೊಸ ಬಿಲ್ಲೆಗೆ ಅದೇ ಅಚ್ಚಿನ ಹಾಗೆ ಕೆಲಸ ಮಾಡಿದರೆ ಬರುವುದು ಬ್ರೊಕೇಜ್. ಒಂದು ಮುಖದಲ್ಲಿ ಸರಿಯಾದ ಚಿತ್ರ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ಉಲ್ಟಾ ಮತ್ತು ತಗ್ಗಾಗಿ. ಇದರ ನಕಲು ಮಾಡಲು ಎರಡು ನಾಣ್ಯಗಳನ್ನು ಇಕ್ಕಳದ ನಡುವೆ ಇಟ್ಟು ಬಿಗಿಯುತ್ತಾರೆ. ಹಾಗೆ ಮಾಡಿದಾಗಲೂ ಉಲ್ಟಾ ತಗ್ಗು ಅಕ್ಷರ ಬರುತ್ತದೆ. ಆದರೆ ಅದು ಮೊದಲೇ ಇದ್ದ ಚಿತ್ರದ ಮೇಲೆ ಬಿದ್ದಿರುತ್ತದೆ, ಅಡಿಯಲ್ಲಿ ಹಳೆಯ ಚಿತ್ರ ಚಪ್ಪಟೆಯಾಗಿ ಇನ್ನೂ ಕಾಣುತ್ತಿರುತ್ತದೆ. ನಾಣ್ಯ ಹುಡುಕುವವರಿಗೆ ಬಹಳ ಸಲ ಸಿಗುವ ಮೋಸ ಇದು.

ಹೊರಗಿನ ಪೆಟ್ಟುಗಳಲ್ಲಿ ಇನ್ನೂ ಕೆಲವು

ಬಟ್ಟೆ ಒಣಗಿಸುವ ಯಂತ್ರದ ಸಂದಿಯಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉರುಳಿದ ನಾಣ್ಯದ ಅಂಚು ದಪ್ಪಗಾಗಿ ಒಳಕ್ಕೆ ಮಡಿಸಿಕೊಂಡಿರುತ್ತದೆ, ನಾಣ್ಯವೇ ಸಣ್ಣದಾಗಿರುತ್ತದೆ. ನೋಡಲು ಬಹಳ ಚೊಕ್ಕ, ಹಾಗಾಗಿ ಜನ ನಂಬಿಬಿಡುತ್ತಾರೆ. ಆಮ್ಲದಲ್ಲಿ ಅದ್ದಿದ ನಾಣ್ಯ ಎಲ್ಲ ಕಡೆ ಒಂದೇ ಸಮ ತೆಳ್ಳಗಾಗಿ, ಅಕ್ಷರಗಳು ಕರಗಿದ ಹಾಗೆ ಇರುತ್ತದೆ. ಬೆಂಕಿ ತಾಗಿದ್ದಕ್ಕೆ ಬೊಬ್ಬೆ ಎದ್ದಿರುತ್ತದೆ, ಚಿನ್ನದ ಬಣ್ಣ ಯಾರೋ ಲೇಪ ಹಾಕಿಸಿದ್ದು. ರೈಲಿನ ಚಕ್ರದಡಿ ಇಟ್ಟಿದ್ದು, ತೂತು ಕೊರೆದದ್ದು ಇವನ್ನೆಲ್ಲ ವಿವರಿಸುವ ಅಗತ್ಯವಿಲ್ಲ.

ಸಿಕ್ಕ ಮೇಲೆ

ಅದೇ ಮೌಲ್ಯದ, ಅದೇ ಇಸವಿಯ, ಸಾಧ್ಯವಾದರೆ ಅದೇ ಟಂಕಸಾಲೆಯ ಮಾಮೂಲಿ ನಾಣ್ಯವೊಂದನ್ನು ಜೊತೆಗಿಡಿ. ಎರಡನ್ನೂ ತೂಗಿ, ವ್ಯಾಸ ಅಳೆದು, ಅಯಸ್ಕಾಂತ ತಾಗಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಸವಕಳಿಯಿಂದ ತೂಕದಲ್ಲಿ ಅಲ್ಪಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಎದ್ದು ಕಾಣುವ ವ್ಯತ್ಯಾಸ ಬಂದರೆ ಮಾತ್ರ ಅದಕ್ಕೆ ಅರ್ಥ. ನಾಣ್ಯವನ್ನು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಡಬೇಡಿ, ಕಾಲ ಕಳೆದಂತೆ ಅದರಿಂದ ಹಸಿರು ಅಂಟು ಹತ್ತಿ ಮೈ ಹಾಳಾಗುತ್ತದೆ. ಪಿವಿಸಿ ಇಲ್ಲದ ಹೋಲ್ಡರ್ ತೆಗೆದುಕೊಳ್ಳಿ.

ಬೇರೆಯವರ ಅಭಿಪ್ರಾಯ ಕೇಳುವುದಿದ್ದರೆ ಎರಡೂ ಮುಖದ ಪೂರ್ತಿ ಫೋಟೋ, ಅಂಚಿನದೊಂದು, ತಪ್ಪಿರುವ ಜಾಗದ್ದೊಂದು ತೆಗೆಯಿರಿ. ತಪ್ಪಿರುವ ಜಾಗವನ್ನು ಮಾತ್ರ ತೋರಿಸಿದರೆ ಎಷ್ಟು ಬಲ್ಲವರೂ ಹೇಳಲಾರರು, ಕ್ಲಿಪ್ ನಾಣ್ಯದಲ್ಲಿ ನೋಡಿದೆವಲ್ಲ, ಪುರಾವೆ ಎದುರು ಬದಿಯಲ್ಲಿರುತ್ತದೆ. ತೂಕವನ್ನೂ ಬರೆಯಿರಿ. ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ ಪ್ರಮಾಣೀಕರಿಸಿ ಡಬ್ಬಿಯಲ್ಲಿ ಹಾಕಿ ಕೊಡುತ್ತವೆ. ಅದಕ್ಕೆ ಶುಲ್ಕ ಇದೆ, ಸಾಗಣೆಯ ಖರ್ಚಿದೆ. ಸಣ್ಣ ಬಿರುಕು, ಚೂರು ಗ್ರೀಸು ಇರುವ ನಾಣ್ಯಕ್ಕೆ ಅಷ್ಟು ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ದೊಡ್ಡ ಆಫ್ ಸೆಂಟರ್, ಬ್ರೊಕೇಜ್, ತಪ್ಪು ಬಿಲ್ಲೆ, ಮ್ಯೂಲ್ ಇಂಥವಾದರೆ ಮಾತ್ರ ಯೋಚಿಸಿ. ನಿಮ್ಮ ನಾಣ್ಯವನ್ನು ಭಾರಿ ಬೆಲೆಗೆ ಕೊಳ್ಳುತ್ತೇನೆ, ಮೊದಲು ನೋಂದಣಿಗೆ ಇಷ್ಟು ಹಣ ಕಳಿಸಿ ಅಂತ ಯಾರಾದರೂ ಫೋನ್ ಮಾಡಿದರೆ ಅಲ್ಲಿಗೇ ಇಟ್ಟುಬಿಡಿ. ನಿಜವಾಗಿ ಕೊಳ್ಳುವವರು ನಾಣ್ಯ ನೋಡಲು ಕೇಳುತ್ತಾರೆ, ನಿಮ್ಮ ಹತ್ತಿರ ದುಡ್ಡು ಕೇಳುವುದಿಲ್ಲ.